ಬಾಯಿ ಯಾವಾಗ ತಿರುಗುತ್ತದೆ? ಋಣ ಸಂಖ್ಯೆಯಿಂದ ಭಾಗಿಸುವುದು: ಚಿಹ್ನೆ, ಸಮೀಕರಣ, ಅಸಮತೆಗಳ ಸಮಗ್ರ ಮಾರ್ಗದರ್ಶಿ

ಮಂಡ್ಯದ ನಮ್ಮ ಮನೆಯ ಹಜಾರದಲ್ಲಿ ಸಂಜೆ ಆರರಿಂದ ಎಂಟರವರೆಗೆ ಆರೇಳು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಏಳನೇ ಕ್ಲಾಸಿನವರೂ ಇದ್ದಾರೆ, ಪಿಯುಸಿಯವರೂ ಇದ್ದಾರೆ. ಹೋದ ವಾರ ಮೊದಲ ಪಿಯುಸಿ ಓದುವ ಹುಡುಗಿಯೊಬ್ಬಳು ನೋಟ್ಸ್ ತಂದು ಮುಂದೆ ಹಿಡಿದಳು. ಲೆಕ್ಕ ಇದು:

7 − 2ಕ್ಷ ≤ 15

ಕೆಳಗೆ ಅವಳು ಬರೆದಿದ್ದು:

−2ಕ್ಷ ≤ 8
ಕ್ಷ ≤ −4

"ಸರ್, ಪುಸ್ತಕದ ಉತ್ತರದಲ್ಲಿ ಬಾಯಿ ಆ ಕಡೆ ಐತೆ, ನಂದ್ರಲ್ಲಿ ಈ ಕಡೆ ಐತೆ. ಎಲ್ಲಿ ತಪ್ಪಾಯ್ತು ಅಂತಾನೇ ಗೊತ್ತಾಯ್ತಿಲ್ಲ" ಅಂದಳು.

ಬಾಯಿ ಅಂದರೆ < ಮತ್ತು > ಚಿಹ್ನೆ. "ಮೊಸಳೆ ಬಾಯಿ ದೊಡ್ಡ ಸಂಖ್ಯೆ ಕಡೆ ತೆರೆದಿರುತ್ತೆ" ಅಂತ ಚಿಕ್ಕ ಕ್ಲಾಸಿನಲ್ಲಿ ಕಲಿತ ಮಾತು ಪಿಯುಸಿವರೆಗೂ ಜೊತೆಯಲ್ಲೇ ಬರುತ್ತದೆ. ನಾವೂ ಅದೇ ಪದ ಇಟ್ಟುಕೊಳ್ಳೋಣ. ಬಾಯಿಯ ಕೆಳಗೆ ಗೆರೆ ಇದ್ದರೆ (≤, ≥) ಎರಡೂ ಕಡೆ ಸಮ ಇದ್ದರೂ ಆಗುತ್ತದೆ ಅಂತ ಅರ್ಥ. ಬಾಯಿ ಇರುವ ಇಂಥ ಲೆಕ್ಕಕ್ಕೇ ಅಸಮತೆ ಅನ್ನುವುದು. ಗೊತ್ತಿಲ್ಲದ ಸಂಖ್ಯೆಗೆ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ಇಲ್ಲಿ ನಾನು "ಕ್ಷ" ಅಂತ ಬರೆಯುತ್ತೇನೆ. ಕ್ಷ-ಕಿರಣದ ಕ್ಷ ಅದೇ.

ಅವಳ ಭಾಗಾಕಾರ ಸರಿಯಾಗಿಯೇ ಇದೆ. 8 ÷ (−2) ಅಂದರೆ −4. ಚಿಹ್ನೆಯೂ ಸರಿ, ಸಂಖ್ಯೆಯೂ ಸರಿ. ತಪ್ಪಿದ್ದು ಬಾಯಿ ಮಾತ್ರ.

ನಾನು ಓದುವಾಗ ಈ ಪಾಠಕ್ಕೆ ನಮಗೆ ಸಿಕ್ಕಿದ್ದು ಒಂದೇ ಸಾಲು: "ಮೈನಸ್‌ನಿಂದ ಭಾಗಿಸಿದರೆ ಚಿಹ್ನೆ ತಿರುಗಿಸಿ." ಯಾಕೆ ಅಂತ ಕೇಳಿದ್ದಕ್ಕೆ "ಅದು ರೂಲು, ಬರ್ಕೋ" ಅಂದರು. ಬರೆದುಕೊಂಡೆ. ಆಮೇಲೆ ಲೆಕ್ಕದಲ್ಲಿ ಎಲ್ಲೇ ಮೈನಸ್ ಕಂಡರೂ ಬಾಯಿ ತಿರುಗಿಸತೊಡಗಿದೆ. ಯಾವ ಮೈನಸ್ಸಿಗೆ ತಿರುಗಿಸಬೇಕು, ಯಾವುದಕ್ಕೆ ಬೇಡ ಅಂತ ಯಾರೂ ಹೇಳಿರಲಿಲ್ಲ. ಕಾರಣ ಗೊತ್ತಿಲ್ಲದ ರೂಲು ಹೀಗೆಯೇ ಕೈ ಕೊಡುತ್ತದೆ. ಅದಕ್ಕೇ ಇಲ್ಲಿ ಮೊದಲು ಕಾರಣ, ಆಮೇಲೆ ವಿಧಾನ.

ಹಂತ 1: ಚಿಹ್ನೆ ಎಲ್ಲಿಂದ ಬರುತ್ತದೆ

ಮಂಡ್ಯದ ಮಕ್ಕಳಿಗೆ ಋಣ ಸಂಖ್ಯೆ ಹೇಳಿಕೊಡಲು ಕನ್ನಂಬಾಡಿ ಕಟ್ಟೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಟ್ಟೆ ತುಂಬಿದಾಗ ನೀರಿನ ಮಟ್ಟ 124.80 ಅಡಿ. ಇವತ್ತು ಎಷ್ಟು ಅಡಿ ಇದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಪೇಪರಿನಲ್ಲಿ ಬರುತ್ತದೆ. ಗದ್ದೆ ಇರುವ ಮನೆಯಲ್ಲಿ ಮೊದಲು ನೋಡುವುದೇ ಅದನ್ನ.

ಇವತ್ತಿನ ಮಟ್ಟವನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಇದ್ದರೆ ಪ್ಲಸ್, ಕೆಳಗೆ ಇದ್ದರೆ ಮೈನಸ್. ದಿನಕ್ಕೂ ಹಾಗೆಯೇ. ಇವತ್ತು ಸೊನ್ನೆ, ಮುಂದೆ ಬರುವ ದಿನ ಪ್ಲಸ್, ಕಳೆದುಹೋದ ದಿನ ಮೈನಸ್. ನೀರು ದಿನಕ್ಕೆ ಅರ್ಧ ಅಡಿ ಏರಿದರೆ ವೇಗ +0.5, ಅರ್ಧ ಅಡಿ ಇಳಿದರೆ −0.5. ಈ ಅರ್ಧ ಅಡಿ ಲೆಕ್ಕ ಸುಲಭವಾಗಲಿ ಅಂತ ನಾನು ಇಟ್ಟುಕೊಂಡಿದ್ದು.

ಈಗ ಒಂದೊಂದೇ ಪ್ರಶ್ನೆ.

ನೀರು ಏರುತ್ತಿದೆ. 4 ಅಡಿ ಮೇಲೆ ಬರುವುದು ಯಾವಾಗ? 4 ÷ 0.5 = 8. ಇನ್ನು ಎಂಟು ದಿನಕ್ಕೆ.

ನೀರು ಏರುತ್ತಿದೆ. 4 ಅಡಿ ಕೆಳಗೆ ಇದ್ದದ್ದು ಯಾವಾಗ? −4 ÷ 0.5 = −8. ಎಂಟು ದಿನದ ಹಿಂದೆ.

ನೀರು ಇಳಿಯುತ್ತಿದೆ. 4 ಅಡಿ ಮೇಲೆ ಇದ್ದದ್ದು ಯಾವಾಗ? 4 ÷ (−0.5) = −8. ಇದೂ ಎಂಟು ದಿನದ ಹಿಂದೆ.

ನೀರು ಇಳಿಯುತ್ತಿದೆ. 4 ಅಡಿ ಕೆಳಗೆ ಹೋಗುವುದು ಯಾವಾಗ? −4 ÷ (−0.5) = 8. ಇನ್ನು ಎಂಟು ದಿನಕ್ಕೆ.

ಕೊನೆಯದನ್ನು ಇನ್ನೊಂದು ಸಲ ಓದಿ. ಕೆಳಗಿನ ಮಟ್ಟ ಮೈನಸ್, ಇಳಿಯುವ ವೇಗವೂ ಮೈನಸ್. ಆದರೆ ಉತ್ತರ ಬಂದಿದ್ದು ಮುಂದಿನ ದಿನ, ಪ್ಲಸ್. ಇಳಿಯುವ ನೀರು ಕೆಳಗೆ ಸಿಗುವುದು ನಾಳೆ ನಾಡಿದ್ದೇ ಹೊರತು ನಿನ್ನೆ ಮೊನ್ನೆ ಅಲ್ಲ, ಅಲ್ವಾ? ಏಳನೇ ಕ್ಲಾಸಿನ ಹುಡುಗನೂ ಇದನ್ನು ರೂಲು ಇಲ್ಲದೆ ಹೇಳುತ್ತಾನೆ.

ದುಡ್ಡಿನಲ್ಲಿ ಬೇಕಾದರೆ ಹೀಗೆ ನೋಡಿ. ನಿಮ್ಮ ಮೇಲೆ ಒಟ್ಟು 600 ರೂಪಾಯಿ ಕೈಸಾಲ ಇದೆ: −600. ಒಬ್ಬೊಬ್ಬರ ಹತ್ತಿರ ತಂದಿದ್ದು 200: −200. ಎಷ್ಟು ಜನರ ಹತ್ತಿರ ತಂದಿರಿ? −600 ÷ (−200) = 3. ಜನರ ಲೆಕ್ಕ ಮೈನಸ್ ಆಗಲು ಸಾಧ್ಯವೇ ಇಲ್ಲ. ಅದೇ 600 ಸಾಲವನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ −600 ÷ 3 = −200. ಒಬ್ಬೊಬ್ಬರ ತಲೆ ಮೇಲೂ ಸಾಲವೇ ಬರುತ್ತದೆ.

ಸಾಲದ ಮಾತು ನಾನು ಸುಮ್ನೆ ತಂದಿದ್ದಲ್ಲ. ಋಣ ಸಂಖ್ಯೆ ಎಂಬ ಹೆಸರಿನಲ್ಲಿರುವ "ಋಣ" ಅಂದರೆ ಸಾಲವೇ, "ಧನ" ಅಂದರೆ ದುಡ್ಡು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಇದೇ ಪದಗಳಲ್ಲಿ ನಿಯಮ ಬರೆದಿಟ್ಟ: ಋಣವನ್ನು ಋಣದಿಂದ ಭಾಗಿಸಿದರೆ ಧನ, ಎರಡರಲ್ಲಿ ಒಂದು ಮಾತ್ರ ಋಣವಾದರೆ ಉತ್ತರ ಋಣ. ಅವನ ನಂತರ ಒಂಬತ್ತನೇ ಶತಮಾನದಲ್ಲಿ, ನಮ್ಮ ನಾಡನ್ನು ಆಳಿದ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನೂ ಇದನ್ನೇ ಹೇಳಿದ. ಮಕ್ಕಳಿಗೆ ಈ ಹೆಸರುಗಳನ್ನು ನಾನು ಬಿಡದೆ ಹೇಳುತ್ತೇನೆ. ಈ ಲೆಕ್ಕ ಬೇರೆ ಎಲ್ಲಿಂದಲೋ ಬಂದದ್ದು ಅನ್ನುವ ಹೆದರಿಕೆ ಅರ್ಧ ಅಲ್ಲೇ ಹೋಗುತ್ತದೆ.

ಉತ್ತರ ಸರಿಯೇ ಅಂತ ನೋಡಲು ಒಂದೇ ದಾರಿ ಸಾಕು. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಭಾಜ್ಯ ವಾಪಸ್ ಬರಬೇಕು. −4 ÷ (−0.5) = 8 ಸರಿ, ಯಾಕೆಂದರೆ 8 × (−0.5) = −4. ಯಾರಾದರೂ −8 ಅಂತ ಬರೆದಿದ್ದರೆ −8 × (−0.5) = 4 ಆಗಿಬಿಡುತ್ತದೆ. ನಮಗೆ ಬೇಕಿದ್ದದ್ದು −4.

ಇಲ್ಲೇ ಒಂದು ಎಚ್ಚರಿಕೆ. "ಮೈನಸ್ ಮೈನಸ್ ಪ್ಲಸ್" ಅಂತ ಮಕ್ಕಳು ಪದ್ಯದ ಹಾಗೆ ಹೇಳುತ್ತಾರೆ. ಆ ಮಾತು ಗುಣಾಕಾರಕ್ಕೆ, ಭಾಗಾಕಾರಕ್ಕೆ ಮಾತ್ರ. −3 − 5 ಕಂಡಾಗಲೂ ಅದನ್ನೇ ಹಾಕಿ +8 ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಮೂರು ರೂಪಾಯಿ ಸಾಲದ ಮೇಲೆ ಇನ್ನೈದು ಸಾಲ ಮಾಡಿದರೆ ಎಂಟು ರೂಪಾಯಿ ಸಾಲ: −8. ಹೇಳಿಕೊಡುವವರು "ಮೈನಸ್ ಭಾಗಿಸು ಮೈನಸ್" ಅಂತ ಪೂರ್ತಿ ಹೇಳಿಸಿ. ನಡುವಿನ ಪದ ಬಿಟ್ಟರೆ ತಪ್ಪು ಅಲ್ಲಿಂದಲೇ ಶುರು.

ಹಂತ 2: ಭಿನ್ನರಾಶಿಯಲ್ಲಿ ಮೈನಸ್ ಎಲ್ಲಿ ಕೂತಿದೆ

ಇದು ಬೇಗ ಮುಗಿಯುತ್ತದೆ. −6/3, 6/(−3), −(6/3), ಈ ಮೂರೂ −2. ಮೈನಸ್ ಮೇಲಿರಲಿ, ಕೆಳಗಿರಲಿ, ಮುಂದೆ ಇರಲಿ, ಒಂದೇ. ಕೆಳಗೆ ಮೈನಸ್ ಇದ್ದರೆ ಅದನ್ನು ಮೇಲಕ್ಕೆ ತಂದು ಬರೆಯಿರಿ, ಮುಂದಿನ ಸಾಲಿನಲ್ಲಿ ಕಳೆದುಹೋಗುವುದಿಲ್ಲ. ಮೇಲೂ ಕೆಳಗೂ ಇದ್ದರೆ ಎರಡನ್ನೂ ಹೊಡೆದುಹಾಕಿ.

ಮೇಲೆ ಎರಡು ಪದ ಇದ್ದಾಗ ಮಾತ್ರ ಹುಷಾರು.

(8 − 4ಕ್ಷ) ÷ (−4)

ಇಲ್ಲಿ 8ನ್ನು ಮಾತ್ರ ಭಾಗಿಸಿ −2 − 4ಕ್ಷ ಅಂತ ಬಿಡುವವರಿದ್ದಾರೆ. ಎರಡನ್ನೂ ಭಾಗಿಸಿ, ಎರಡನೆಯದರ ಚಿಹ್ನೆ ಬದಲಿಸದೆ −2 − ಕ್ಷ ಅಂತ ಬರೆಯುವವರು ಇನ್ನೂ ಜಾಸ್ತಿ. ಸರಿಯಾದದ್ದು −2 + ಕ್ಷ. ಬ್ರಾಕೆಟ್ಟಿನ ಒಳಗಿನ ಪ್ರತಿಯೊಂದು ಪದವೂ ಆ −4ರ ಪಾಲು ಪಡೆಯಬೇಕು. ಕ್ಷ ಜಾಗದಲ್ಲಿ 1 ಹಾಕಿ ನೋಡಿ: (8 − 4) ÷ (−4) = −1. ಉತ್ತರದಲ್ಲಿ −2 + 1 = −1. ಸರಿಹೋಯಿತು.

ಹಂತ 3: "ಆ ಕಡೆ ಹೋದರೆ ಚಿಹ್ನೆ ಬದಲು" ಎಂಬ ಮಾತು

ನಾನು ನೋಡಿದ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ಮಾತಿನಿಂದ ಬಂದವು. ಸಮೀಕರಣ ಶುರು ಮಾಡುವಾಗಲೇ ಮಕ್ಕಳ ಕಿವಿಗೆ ಇದು ಬೀಳುತ್ತದೆ. ಕ್ಷ + 3 = 10 ಇದ್ದರೆ 3 ಆ ಕಡೆ ಹೋಗಿ −3 ಆಯಿತು, ಕ್ಷ = 7. ಇಲ್ಲಿ ಕೆಲಸ ನಡೆಯುತ್ತದೆ. ಈಗ ಇದನ್ನು ನೋಡಿ:

−3ಕ್ಷ = 12

"−3 ಆ ಕಡೆ ಹೋದರೆ +3 ಆಗುತ್ತೆ" ಅಂತ ಒಬ್ಬ ಕ್ಷ = 12 + 3 = 15 ಬರೆಯುತ್ತಾನೆ. ಇನ್ನೊಬ್ಬ ಭಾಗಿಸಬೇಕು ಅಂತ ನೆನಪಿಟ್ಟುಕೊಂಡಿರುತ್ತಾನೆ, ಆದರೂ ಚಿಹ್ನೆ ಬದಲಿಸಿ ಕ್ಷ = 12/3 = 4 ಬರೆಯುತ್ತಾನೆ. ಎರಡೂ ತಪ್ಪು. ಕ್ಷ = 12 ÷ (−3) = −4.

ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ, ಅಷ್ಟೇ. ಕ್ಷ + 3 = 10ರಲ್ಲಿ ಎರಡೂ ಕಡೆಯಿಂದ 3 ಕಳೆದೆವು. −3ಕ್ಷ = 12ರಲ್ಲಿ ಎರಡೂ ಕಡೆ −3ರಿಂದ ಭಾಗಿಸುತ್ತೇವೆ. ಇಲ್ಲಿ −3 ಕೂಡಿಕೊಂಡಿಲ್ಲ, ಕ್ಷವನ್ನು ಗುಣಿಸುತ್ತಾ ಅಂಟಿಕೊಂಡಿದೆ. ಅದನ್ನು ಬಿಡಿಸಬೇಕಾದರೆ ಮೈನಸ್ ಸಮೇತ ಭಾಗಿಸಬೇಕು.

ನಮ್ಮ ಹಜಾರದಲ್ಲಿ ಒಂದು ಕಟ್ಟುಪಾಡು ಇದೆ. ಭಾಗಿಸುವ ಮುಂಚೆ, ಯಾವುದರಿಂದ ಭಾಗಿಸುತ್ತೀರೋ ಅದನ್ನು ಸಾಲಿನ ಬಲಗಡೆ ಅಂಚಿನಲ್ಲಿ ಬ್ರಾಕೆಟ್ ಹಾಕಿ ಬರೆಯಬೇಕು: ÷ (−3). ಎರಡು ಸೆಕೆಂಡಿನ ಕೆಲಸ. ಮುಂದಿನ ಹಂತದಲ್ಲಿ ಇದೇ ನಿಮ್ಮನ್ನು ಕಾಪಾಡುತ್ತದೆ.

ಹಂತ 4: ಬಾಯಿ ಯಾಕೆ ತಿರುಗುತ್ತದೆ

ನೋಟ್ಸಿನಿಂದ ಒಂದು ಉದ್ದ ಪಟ್ಟಿ ಕಾಗದ ಹರಿದುಕೊಳ್ಳಿ. ನಡುವೆ ಸೊನ್ನೆ ಹಾಕಿ, ಅದು ಮಂಡ್ಯ. ಬಲಕ್ಕೆ ಬೆಂಗಳೂರು ದಾರಿ, ಎಡಕ್ಕೆ ಮೈಸೂರು ದಾರಿ. ದೂರವನ್ನು ಸುಮಾರಾಗಿ ತೆಗೆದುಕೊಳ್ಳೋಣ. ಮದ್ದೂರು +20, ಚನ್ನಪಟ್ಟಣ +40. ಈ ಕಡೆ ಶ್ರೀರಂಗಪಟ್ಟಣ −28, ಮೈಸೂರು −45. ಎಲ್ಲವನ್ನೂ ಬರೆಯಿರಿ:

−45 < −28 < 0 < 20 < 40

ಒಂದು ಮಾತು ಇಲ್ಲೇ ಸರಿಮಾಡಿಕೊಳ್ಳಬೇಕು. ಮಂಡ್ಯದಿಂದ ಮೈಸೂರು ಶ್ರೀರಂಗಪಟ್ಟಣಕ್ಕಿಂತ ದೂರ. ಹಾಗಂತ −45 ದೊಡ್ಡದಲ್ಲ. ಸಂಖ್ಯಾರೇಖೆಯಲ್ಲಿ ದೊಡ್ಡದು ಅಂದರೆ ಬಲಕ್ಕೆ ಇರುವುದು, ಸೊನ್ನೆಯಿಂದ ದೂರ ಇರುವುದಲ್ಲ. ನಮ್ಮ ದಾರಿಯಲ್ಲಿ, ಬೆಂಗಳೂರು ಕಡೆಗೆ ಯಾರು ಮುಂದಿದ್ದಾರೋ ಅವರು ದೊಡ್ಡವರು. ಶ್ರೀರಂಗಪಟ್ಟಣದಲ್ಲಿ ನಿಂತವನು ಮೈಸೂರಿನಲ್ಲಿ ನಿಂತವನಿಗಿಂತ ಬೆಂಗಳೂರು ಕಡೆಗೆ ಮುಂದಿದ್ದಾನೆ. ಆದ್ದರಿಂದ −28 > −45. ಇದು ಗಟ್ಟಿಯಾಗದೆ ಮುಂದೆ ಹೋಗಬೇಡಿ.

ಈಗ ಸೊನ್ನೆಯ ಮೇಲೆ ಒಂದು ಗುಂಡುಪಿನ್ನು ಚುಚ್ಚಿ, ಪಟ್ಟಿಯನ್ನು ಅರ್ಧ ಸುತ್ತು ತಿರುಗಿಸಿ. ಮಂಡ್ಯ ಇದ್ದಲ್ಲೇ ಇದೆ. ಮದ್ದೂರು ಎಡಕ್ಕೆ ಹೋಯಿತು, ಮೈಸೂರು ಬಲಕ್ಕೆ ಬಂತು. +20 ಇದ್ದದ್ದು −20ರ ಜಾಗದಲ್ಲಿದೆ, −45 ಇದ್ದದ್ದು 45ರ ಜಾಗದಲ್ಲಿದೆ. −1ರಿಂದ ಭಾಗಿಸುವುದು ಅಂದರೆ ಈ ಅರ್ಧ ಸುತ್ತು. ಬೇರೇನೂ ಇಲ್ಲ.

ತಿರುಗಿಸಿದ ಮೇಲೆ ಯಾರು ಮುಂದೆ? ಮೊದಲು ಚನ್ನಪಟ್ಟಣದವನು ಮದ್ದೂರಿನವನಿಗಿಂತ ಬಲಕ್ಕಿದ್ದ: 20 < 40. ಈಗ ಅವನು ಎಲ್ಲರಿಗಿಂತ ಎಡಕ್ಕಿದ್ದಾನೆ: −20 > −40. ಮೈಸೂರಿನವನು ಎಲ್ಲರಿಗಿಂತ ಮುಂದೆ. ಸಾಲು ಪೂರ್ತಿ ತಿರುವುಮುರುವು:

45 > 28 > 0 > −20 > −40

ಯಾರೂ ಬಾಯಿಯನ್ನು ಬೇಕು ಅಂತ ತಿರುಗಿಸಲಿಲ್ಲ. ಪಟ್ಟಿ ತಿರುಗಿತು, ಮೊದಲು ಮುಂದಿದ್ದವರು ಹಿಂದಾದರು. ಬಾಯಿ ಅದನ್ನು ತೋರಿಸುತ್ತಿದೆ, ಅಷ್ಟೇ.

−5ರಿಂದ ಭಾಗಿಸಿದರೆ? ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮೊದಲು 5ರಿಂದ ಭಾಗಿಸಿದ್ದರಿಂದ ದಾರಿ ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ: −9, −5.6, 0, 4, 8. ಕುಗ್ಗಿದರೂ ಯಾರೂ ಯಾರನ್ನೂ ದಾಟಲಿಲ್ಲ, ಸಾಲು ಹಾಗೇ ಇದೆ. ಆಮೇಲೆ ಮೈನಸ್ ಬಂದು ಪಟ್ಟಿ ತಿರುಗಿಸುತ್ತದೆ: 9, 5.6, 0, −4, −8. ಧನ ಸಂಖ್ಯೆಯಿಂದ ಭಾಗಿಸುವಾಗ ನಡೆಯುವುದು ಮೊದಲ ಕೆಲಸ ಮಾತ್ರ. ಬಾಯಿ ಹಾಗೇ ಉಳಿಯುವುದು ಅದಕ್ಕೇ.

ಸಮೀಕರಣದಲ್ಲಿ ಈ ತಲೆನೋವು ಯಾಕಿಲ್ಲ ಅನ್ನುವುದಕ್ಕೂ ಪಟ್ಟಿಯಲ್ಲೇ ಉತ್ತರ ಇದೆ. ಒಂದೇ ಜಾಗದಲ್ಲಿ ನಿಂತ ಇಬ್ಬರು ಪಟ್ಟಿ ತಿರುಗಿದ ಮೇಲೂ ಒಂದೇ ಜಾಗದಲ್ಲಿರುತ್ತಾರೆ. = ಚಿಹ್ನೆಗೆ ಮುಂದೆ ಹಿಂದೆ ಇಲ್ಲ.

ಪಿಯುಸಿ ಮಕ್ಕಳಿಗೆ ಕಾಗದದ ಪಟ್ಟಿ ಸಾಲದು, ಸಾಧನೆ ಬೇಕು. ಅದೂ ಎರಡೇ ಸಾಲು. ಅ < ಬ ಅಂತ ಇರಲಿ. ಎರಡೂ ಕಡೆಯಿಂದ ಅ ಮತ್ತು ಬ ಎರಡನ್ನೂ ಕಳೆಯಿರಿ. ಕಳೆದರೆ ಬಾಯಿ ತಿರುಗುವುದಿಲ್ಲ, ಎಲ್ಲರೂ ಒಂದೇ ಕಡೆಗೆ ಒಂದೇ ದೂರ ಸರಿಯುತ್ತಾರೆ. ಎಡಗಡೆ ಅ − ಅ − ಬ = −ಬ. ಬಲಗಡೆ ಬ − ಅ − ಬ = −ಅ. ಸಿಕ್ಕಿದ್ದು −ಬ < −ಅ. ತಿರುಗಿಸಿ ಓದಿದರೆ −ಅ > −ಬ.

< ಮತ್ತು > ಚಿಹ್ನೆಗಳು ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಕೊಂಡ ಮೇಲೆ ಬಂದ ಅವನ ಪುಸ್ತಕದಲ್ಲಿ. ಅಂದರೆ ಋಣವನ್ನು ಋಣದಿಂದ ಭಾಗಿಸುವ ನಿಯಮಕ್ಕೆ ಸಾವಿರ ವರ್ಷ ತುಂಬಿದ ಮೇಲೆ ಈ ಬಾಯಿ ಬಂತು.

ಹಂತ 5: ಹುಡುಗಿಯ ಲೆಕ್ಕ, ಎರಡು ದಾರಿಯಲ್ಲಿ

7 − 2ಕ್ಷ ≤ 15

ಎರಡೂ ಕಡೆ 7 ಕಳೆಯಿರಿ. ಕಳೆಯುತ್ತಿದ್ದೇವೆ, ಭಾಗಿಸುತ್ತಿಲ್ಲ. ಬಾಯಿ ಹಾಗೇ ಇರಲಿ:

−2ಕ್ಷ ≤ 8

ಅಂಚಿನಲ್ಲಿ ಬರೆಯಿರಿ: ÷ (−2). ಬ್ರಾಕೆಟ್ಟಿನಲ್ಲಿ ಮೈನಸ್ ಕಂಡಿತೇ? ಹಾಗಾದರೆ ಮೊದಲು ಬಾಯಿ ತಿರುಗಿಸಿ, ಆಮೇಲೆ ಸಂಖ್ಯೆ ಬರೆಯಿರಿ. ಈ ಕ್ರಮ ಮುಖ್ಯ. ಮೊದಲು ಸಂಖ್ಯೆ ಬರೆದರೆ ಕೈ ತಾನಾಗೇ ಹಳೆಯ ಬಾಯಿಯನ್ನೇ ಹಾಕಿಬಿಡುತ್ತದೆ.

ಕ್ಷ ≥ −4

ಕೆಳಗಿನ ಗೆರೆ ಹಾಗೇ ಉಳಿಯುತ್ತದೆ ಅನ್ನುವುದನ್ನು ಗಮನಿಸಿ. ≤ ಇದ್ದದ್ದು ≥ ಆಗುತ್ತದೆ, > ಅಲ್ಲ.

ಎರಡನೇ ದಾರಿ ನನಗೆ ಇನ್ನೂ ಇಷ್ಟ. ಮೈನಸ್‌ನಿಂದ ಭಾಗಿಸುವ ಪ್ರಸಂಗವೇ ಬರದ ಹಾಗೆ ಮಾಡುವುದು. ಎರಡೂ ಕಡೆ 2ಕ್ಷ ಕೂಡಿಸಿ:

7 ≤ 15 + 2ಕ್ಷ
−8 ≤ 2ಕ್ಷ
−4 ≤ ಕ್ಷ

ಭಾಗಿಸಿದ್ದು +2ರಿಂದ. ಬಾಯಿ ಎಲ್ಲೂ ತಿರುಗಲಿಲ್ಲ, ಉತ್ತರ ಅದೇ. −4 ≤ ಕ್ಷ ಅಂದರೂ ಕ್ಷ ≥ −4 ಅಂದರೂ ಒಂದೇ ಮಾತು. ಮೊದಲ ದಾರಿಯ ಮೇಲೆ ಅನುಮಾನ ಇರುವ ಮಕ್ಕಳಿಗೆ ನಾನು ಇದನ್ನು ಮಾಡಿಸುತ್ತೇನೆ. ಬಾಯಿ ತಿರುಗಿಸುವುದು ಮಂತ್ರ ಅಲ್ಲ ಅಂತ ಅವರ ಕೈಗೇ ಗೊತ್ತಾಗುತ್ತದೆ.

ಆಮೇಲೆ ಪರೀಕ್ಷೆ. ಸೊನ್ನೆ ಹಾಕುವುದು ಎಲ್ಲಕ್ಕಿಂತ ಸುಲಭ. 7 − 2 × 0 = 7, ಇದು 15ಕ್ಕಿಂತ ಕಡಿಮೆ. ಅಂದರೆ ಸೊನ್ನೆ ಉತ್ತರದ ಒಳಗಿರಲೇಬೇಕು. ಹುಡುಗಿ ಬರೆದ ಕ್ಷ ≤ −4ರಲ್ಲಿ ಸೊನ್ನೆ ಇಲ್ಲ. ಸರಿಯಾದ ಕ್ಷ ≥ −4ರಲ್ಲಿ ಇದೆ. ಇನ್ನೊಂದು ಕಡೆಯಿಂದಲೂ ನೋಡಿ. −5 ಹಾಕಿದರೆ 7 + 10 = 17, ಇದು 15ನ್ನು ಮೀರಿತು, ಅದು ಹೊರಗಿರಬೇಕು. ಹೊರಗೇ ಇದೆ. ಇದನ್ನು ಅವಳ ಕೈಯಲ್ಲೇ ಮಾಡಿಸಿದೆ. 17 ಬರೆದ ಕೂಡಲೇ ಪೆನ್ನು ನಿಲ್ಲಿಸಿ, ತಾನು ಬರೆದ ≤ ಮೇಲೆ ತಾನೇ ಗೆರೆ ಎಳೆದಳು. ನಾನು ಬಾಯಿ ಬಿಡಲಿಲ್ಲ.

ಹಂತ 6: ಯಾವ ಮೈನಸ್ಸಿಗೆ ತಿರುಗಿಸಬಾರದು

3ಕ್ಷ > −12

ಇಲ್ಲಿ ಮೈನಸ್ ಇದೆ, ಆದರೆ ಭಾಗಿಸುವುದು 3ರಿಂದ. ಅಂಚಿನಲ್ಲಿ ÷ (3) ಅಂತ ಬರುತ್ತದೆ. ಬಾಯಿ ತಿರುಗುವುದಿಲ್ಲ: ಕ್ಷ > −4. ಉತ್ತರದಲ್ಲಿ ಮೈನಸ್ ಬಂತಲ್ಲ ಅಂತ ಗಾಬರಿಯಾಗಿ ತಿರುಗಿಸಬೇಡಿ. ನೋಡಬೇಕಾದದ್ದು ಭಾಜಕದ ಚಿಹ್ನೆ ಒಂದನ್ನೇ. ಭಾಜ್ಯದಲ್ಲಿ ಮೈನಸ್ ಇದ್ದರೆ ಬಾಯಿಗೆ ಸಂಬಂಧ ಇಲ್ಲ, ಉತ್ತರದಲ್ಲಿದ್ದರೂ ಇಲ್ಲ. ಮೈನಸ್‌ನಿಂದ ಗುಣಿಸಿದರೂ ತಿರುಗುತ್ತದೆ, ಕೂಡಿಸಿದರೆ ಕಳೆದರೆ ಎಂದಿಗೂ ಇಲ್ಲ.

ಕಟ್ಟೆಗೆ ಒಂದು ಸಲ ವಾಪಸ್ ಹೋಗೋಣ. ನೀರು ತುಂಬಿ 124.80 ಅಡಿ ಇದೆ, ದಿನಕ್ಕೆ ಅರ್ಧ ಅಡಿ ಇಳಿಯುತ್ತಿದೆ ಅಂತಿಟ್ಟುಕೊಳ್ಳಿ. ಮಟ್ಟ 100 ಅಡಿಗಿಂತ ಮೇಲೆ ಇರುವುದು ಎಷ್ಟು ದಿನ? ದಿನಗಳನ್ನು "ದ" ಅನ್ನೋಣ.

124.80 − 0.5ದ > 100
−0.5ದ > −24.80
ದ < 49.6

ಪ್ರಶ್ನೆಯಲ್ಲಿ "ಮೇಲೆ" ಅಂತ ಇತ್ತು, ಉತ್ತರದಲ್ಲಿ "ಒಳಗೆ" ಅಂತ ಬಂತು: ಐವತ್ತು ದಿನ ತುಂಬುವುದರ ಒಳಗೆ. ಇಳಿಯುವ ನೀರು ಮೇಲಿರಬೇಕಾದರೆ ದಿನ ಕಡಿಮೆ ಇರಬೇಕು. ಬಾಯಿ ತಿರುಗಿದ್ದರ ಅರ್ಥ ಇಲ್ಲಿ ಕಣ್ಣಿಗೇ ಕಾಣುತ್ತದೆ. 49ನೇ ದಿನ 100.30 ಅಡಿ, 50ನೇ ದಿನ 99.80. ಬಾಯಿ ತಿರುಗಿಸದೆ ದ > 49.6 ಅಂತ ಬರೆದಿದ್ದರೆ, ಕಟ್ಟೆ ಬರಿದಾದಷ್ಟೂ ನೀರು ಜಾಸ್ತಿ ಅಂತ ಹೇಳಿದ ಹಾಗಾಗುತ್ತಿತ್ತು.

ಹಂತ 7: ಎರಡು ಬಾಯಿ ಇದ್ದಾಗ

−3 < 5 − 2ಕ್ಷ ≤ 11

ಮೂರೂ ಭಾಗದಿಂದ 5 ಕಳೆಯಿರಿ: −8 < −2ಕ್ಷ ≤ 6. ಈಗ ÷ (−2). ಎರಡು ಬಾಯಿಯೂ ತಿರುಗಬೇಕು: 4 > ಕ್ಷ ≥ −3. ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ −3 ≤ ಕ್ಷ < 4. ಗೆರೆ ಇರುವ ಬಾಯಿ ಈಗ ಎಡಗಡೆ ಬಂದಿದೆ, ತಿರುಗಿಸಿ ಬರೆಯುವಾಗ ಅದು ಅದಲುಬದಲಾಗುವುದು ಸುಲಭ. ಅಂಚಿನ ಎರಡು ಸಂಖ್ಯೆ ಹಾಕಿ ನೋಡಿ. ಕ್ಷ = −3 ಆದರೆ 5 + 6 = 11, ಸೇರುತ್ತದೆ. ಕ್ಷ = 4 ಆದರೆ 5 − 8 = −3, ಆದರೆ ನಮಗೆ −3ಕ್ಕಿಂತ ಜಾಸ್ತಿ ಬೇಕಿತ್ತು. ಸೇರುವುದಿಲ್ಲ.

ಹಂತ 8: ಭಾಜಕದ ಚಿಹ್ನೆಯೇ ಗೊತ್ತಿಲ್ಲದಾಗ

ಇಲ್ಲಿ ಬುದ್ಧಿವಂತರೂ ಜಾರುತ್ತಾರೆ, ಆದ್ದರಿಂದ ನಿಧಾನವಾಗಿ ಹೋಗೋಣ.

ಕ್ಷ × ಕ್ಷ < 5ಕ್ಷ

ಎರಡೂ ಕಡೆ ಕ್ಷ ಇದೆ, ಹೊಡೆದುಹಾಕಿದರೆ ಕ್ಷ < 5 ಅಂತ ಆಸೆ ಆಗುತ್ತದೆ. −1 ಹಾಕಿ ನೋಡಿ. ಎಡಕ್ಕೆ 1, ಬಲಕ್ಕೆ −5. 1 < −5 ಸುಳ್ಳು. ಆದರೆ −1 ಐದಕ್ಕಿಂತ ಚಿಕ್ಕದೇ. ಎಲ್ಲಿ ಎಡವಿದೆವು? ಅಂಚಿನಲ್ಲಿ ÷ (ಕ್ಷ) ಅಂತ ಬರೆದು ನಿಂತು ನೋಡಬೇಕಿತ್ತು. ಆ ಬ್ರಾಕೆಟ್ಟಿನೊಳಗೆ ಮೈನಸ್ ಇದೆಯೋ ಇಲ್ಲವೋ ಗೊತ್ತೇ ಇಲ್ಲ. ಸೊನ್ನೆಯೂ ಇರಬಹುದು, ಸೊನ್ನೆಯಿಂದ ಭಾಗಿಸುವ ಹಾಗೇ ಇಲ್ಲ.

ಗೊತ್ತಿಲ್ಲದಿದ್ದರೆ ಮೂರು ಮನೆ ಮಾಡಿಕೊಳ್ಳಿ. ಕ್ಷ ಧನವಾದರೆ ಬಾಯಿ ಹಾಗೇ ಇರುತ್ತದೆ, ಕ್ಷ < 5, ಅಂದರೆ ಸೊನ್ನೆಗೂ ಐದಕ್ಕೂ ನಡುವೆ. ಕ್ಷ ಸೊನ್ನೆಯಾದರೆ 0 < 0, ಸುಳ್ಳು. ಕ್ಷ ಋಣವಾದರೆ ಬಾಯಿ ತಿರುಗಿ ಕ್ಷ > 5. ಋಣವೂ ಆಗಿ ಐದಕ್ಕಿಂತ ದೊಡ್ಡದೂ ಆಗುವ ಸಂಖ್ಯೆ ಇಲ್ಲ, ಆ ಮನೆ ಖಾಲಿ. ಉಳಿದದ್ದು 0 < ಕ್ಷ < 5.

6/ಕ್ಷ > 2 ಕೂಡ ಇದೇ ಜಾತಿಯದು. ಎರಡೂ ಕಡೆ ಕ್ಷದಿಂದ ಗುಣಿಸಿ ಕ್ಷ < 3 ಅಂತ ಬರೆದರೆ ಎಲ್ಲಾ ಋಣ ಸಂಖ್ಯೆಗಳೂ ತಪ್ಪಾಗಿ ಒಳಗೆ ಬರುತ್ತವೆ. ಮೂರು ಮನೆ ಮಾಡಿದರೆ 0 < ಕ್ಷ < 3 ಸಿಗುತ್ತದೆ.

ಅಂದಹಾಗೆ, ಮಗ ಕೋಡಿಂಗ್ ಕಲಿಯುತ್ತಿದ್ದಾನೆ, ಕಂಪ್ಯೂಟರ್ ಋಣ ಸಂಖ್ಯೆಯ ಭಾಗಾಕಾರ ಬೇರೆ ತೋರಿಸುತ್ತೆ ಅಂತ ಒಬ್ಬ ತಂದೆ ಕೇಳಿದ್ದರು. −17ನ್ನು 5ರಿಂದ ಭಾಗಿಸಿ ಪೂರ್ಣಾಂಕ ಉತ್ತರ ಕೇಳಿದರೆ ಪೈಥಾನ್ −4 ಕೊಡುತ್ತದೆ, ಶೇಷ 3. ಸಿ ಭಾಷೆ −3 ಕೊಡುತ್ತದೆ, ಶೇಷ −2. ಎರಡೂ ಸರಿಯೇ: −4 × 5 + 3 = −17, −3 × 5 − 2 = −17. ಪೈಥಾನ್ ಸಂಖ್ಯಾರೇಖೆಯಲ್ಲಿ ಎಡಕ್ಕೆ ಇಳಿಯುತ್ತದೆ, ಸಿ ಸೊನ್ನೆಯ ಕಡೆಗೆ ಸರಿಯುತ್ತದೆ. ಚಿಹ್ನೆಯ ನಿಯಮ ಎರಡರಲ್ಲೂ ಒಂದೇ.

ಕೈಯಲ್ಲಿ ಮಾಡಿ ನೋಡಲು ಐದು ಲೆಕ್ಕ

ಒಂದು: −36 ÷ (−4) + 12 ÷ (−3)
ಎರಡು: 5ಕ್ಷ > −35
ಮೂರು: 3 − ಕ್ಷ/4 ≥ 1
ನಾಲ್ಕು: ಆಲೆಮನೆಯಲ್ಲಿ 500 ಮೂಟೆ ಬೆಲ್ಲ ಇದೆ. ದಿನಕ್ಕೆ 40 ಮೂಟೆ ಮಂಡಿಗೆ ಹೋಗುತ್ತದೆ, ಹೊಸದಾಗಿ ಸೇರುತ್ತಿಲ್ಲ. ಕೊನೆಗೆ 180 ಮೂಟೆಯಾದರೂ ಉಳಿಯಬೇಕು. ಎಷ್ಟು ದಿನ ಕಳಿಸಬಹುದು?
ಐದು: 2ಕ್ಷ − 9 < 5ಕ್ಷ + 6

ಮೊದಲು ನೀವೇ ಮಾಡಿ, ಆಮೇಲೆ ಕೆಳಗೆ ನೋಡಿ.

ಮೊದಲನೆಯದು 9 − 4 = 5. ಎರಡನೆಯದು ಕ್ಷ > −7, ಭಾಗಿಸಿದ್ದು 5ರಿಂದ, ಬಾಯಿ ತಿರುಗಲಿಲ್ಲ. ಮೂರನೆಯದರಲ್ಲಿ 3 ಕಳೆದರೆ −ಕ್ಷ/4 ≥ −2. ಎರಡೂ ಕಡೆ −4ರಿಂದ ಗುಣಿಸಿ, ಬಾಯಿ ತಿರುಗಿ ಕ್ಷ ≤ 8. ನಾಲ್ಕನೆಯದು 500 − 40ದ ≥ 180, ಅಂದರೆ −40ದ ≥ −320, ÷ (−40), ದ ≤ 8. ಎಂಟು ದಿನ ಕಳಿಸಬಹುದು, ಎಂಟನೇ ದಿನ ಸರಿಯಾಗಿ 180 ಮೂಟೆ ಉಳಿಯುತ್ತದೆ.

ಐದನೆಯದನ್ನು ಎರಡು ದಾರಿಯಲ್ಲೂ ಮಾಡಿ. 5ಕ್ಷವನ್ನು ಎರಡೂ ಕಡೆಯಿಂದ ಕಳೆದು, 9 ಕೂಡಿಸಿದರೆ −3ಕ್ಷ < 15, ÷ (−3), ಕ್ಷ > −5. ಅದರ ಬದಲು 2ಕ್ಷವನ್ನು ಕಳೆದರೆ −9 < 3ಕ್ಷ + 6, ಆಮೇಲೆ −15 < 3ಕ್ಷ, ಆಮೇಲೆ −5 < ಕ್ಷ. ಸೊನ್ನೆ ಹಾಕಿ ನೋಡಿ: −9 < 6, ನಿಜ. −6 ಹಾಕಿ: ಎಡಕ್ಕೆ −21, ಬಲಕ್ಕೆ −24. −21 < −24 ಅಂತ ಯಾರಾದರೂ ಹೇಳಿದರೆ, ಕಾಗದದ ಪಟ್ಟಿಯಲ್ಲಿ ಎರಡನ್ನೂ ಗುರುತು ಮಾಡಿಸಿ, ಯಾವುದು ಬೆಂಗಳೂರು ಕಡೆಗೆ ಮುಂದಿದೆ ಅಂತ ಕೇಳಿ.